ಬ್ರೇಕಮ್ಮನವರ ಬದನೆಕಾಯಿ ಬಣ್ಣದ ಸೀಟು

ಕಾರು ಓಡಿಸಲು ಕಲಿಸುವ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಅವರ ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿತ್ತು. ಊರಿಗೆಲ್ಲ ಅವರು ಬ್ರೇಕಮ್ಮ. ಹೆಸರು ಕೇಳಿದವರು, ಪಾಪ, ಈಕೆ ದಿನವಿಡೀ 'ಬ್ರೇಕ್, ಬ್ರೇಕ್' ಎಂದು ಕಿರುಚಿಕೊಳ್ಳುವವರಿರಬೇಕು ಎಂದು ಊಹಿಸುತ್ತಿದ್ದರು. ಅವರ ಬಾಯಿಂದ ಆ ಮಾತು ಬಂದದ್ದನ್ನು ಕೇಳಿದವರೇ ಇರಲಿಲ್ಲ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಹಾಲಿನ ಗಾಡಿಯ ಕಡೆಗೋ ಅಂಚೆ ಡಬ್ಬಿಯ ಕಡೆಗೋ ನೆಟ್ಟಗೆ ಹೊರಟುಬಿಟ್ಟರೆ, ಬ್ರೇಕಮ್ಮ ಮೋಡದ ಮಾತೋ ಬಿಸಿಲಿನ ಮಾತೋ ಆಡುತ್ತಲೇ ತಮ್ಮ ಕಾಲನ್ನು ಮೆಲ್ಲಗೆ ಒತ್ತುತ್ತಿದ್ದರು. ಕಾರು ತಾನಾಗಿಯೇ ಬುದ್ಧಿ ತಂದುಕೊಂಡ ಹಾಗೆ ನಿಲ್ಲುತ್ತಿತ್ತು. ಅವರ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. "ಆಯಮ್ಮನಿಗೆ ಹೆದರಿಕೆ ಅನ್ನೋದನ್ನ ದೇವರು ಹಾಕೋಕೆ ಮರ್ತಿದಾನೆ ಕಣ್ರೀ" ಎಂದು ಬೇಕರಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಬೇಕರಿಯವರು ಅವರ ಬಳಿಯೇ ಕಲಿತವರು. ತಮ್ಮದೇ ಬೇಕರಿಯ ಮುಂಬಾಗಿಲಿನ ಮೆಟ್ಟಿಲ ತನಕ ಕಾರನ್ನು ಹತ್ತಿಸಿದ್ದವರು.

ಅದಕ್ಕಿಂತ ದೊಡ್ಡ ಕೀರ್ತಿ ಇನ್ನೊಂದಿತ್ತು. ಆ ಊರಿನಲ್ಲಿ ಪರೀಕ್ಷೆಗೆ ಹೋಗುವವರ ಅರ್ಜಿಯ ಕೆಳಗೆ, 'ಇವರು ತಯಾರಾಗಿದ್ದಾರೆ' ಎಂದು ಕಲಿಸಿದವರು ಸಹಿ ಹಾಕಬೇಕು. ಫೇಲಾದರೆ ಎರಡು ತಿಂಗಳು ಮತ್ತೆ ಆ ಕಡೆ ತಲೆ ಹಾಕುವಂತಿಲ್ಲ. ಬ್ರೇಕಮ್ಮ ಸಹಿ ಹಾಕಿ ಕಳಿಸಿದವರು ಹತ್ತೊಂಬತ್ತು ವರ್ಷಗಳಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಎಂಟು ದಿನಕ್ಕೇ ಸಹಿ ಸಿಕ್ಕವರಿದ್ದರು, ಎಂಟು ತಿಂಗಳು ಅಲೆದವರೂ ಇದ್ದರು. ಯಾಕೆ ಎಂದು ಕೇಳಿದರೆ, "ಇನ್ನೂ ಆಗಿಲ್ಲ, ಆದಾಗ ಹೇಳ್ತೀನಿ" ಎನ್ನುವರು. ಆಕೆಗೆ ಮನುಷ್ಯರ ಒಳಗೆ ಇಣುಕಿ ನೋಡುವ ವಿದ್ಯೆ ಗೊತ್ತು ಎಂದು ಜನ ನಂಬಿದ್ದರು.

ವಿದ್ಯೆಯೇನೋ ಇತ್ತು. ಆದರೆ ಅದು ಬ್ರೇಕಮ್ಮನವರ ಕಣ್ಣಿನಲ್ಲಿದ್ದದ್ದಕ್ಕಿಂತ ಕಾರಿನ ಸೀಟಿನಲ್ಲಿದ್ದದ್ದು ಹೆಚ್ಚು. ಅವರ ಚೌಕ ಮೂತಿಯ ಹಳೆಯ ಕಾರಿನ ಸೀಟುಗಳಿಗೆ ಹೊದಿಸಿದ್ದದ್ದು ವೆಲೂರ್. ಮಖಮಲ್ಲಿನ ಬಡ ತಂಗಿ ಎನ್ನಬಹುದಾದ ಬಟ್ಟೆ, ಬಣ್ಣ ಬದನೆಕಾಯಿಯದು. ಅದರ ಮೈತುಂಬ ಮೋಟು ನವಿರು. ಮುಂದಕ್ಕೆ ಸವರಿದರೆ ತಿಳಿಯಾಗಿ ಹೊಳೆಯುವುದು, ಹಿಂದಕ್ಕೆ ಸವರಿದರೆ ಕಪ್ಪಾಗಿ ಮುನಿಸಿಕೊಳ್ಳುವುದು. ಬೆರಳಿನಿಂದ ಗೆರೆ ಎಳೆದರೆ ಸ್ಲೇಟಿನ ಮೇಲಿನ ಗೆರೆಯಂತೆ ನಿಲ್ಲುವುದು. ಹೆದರಿದ ಮನುಷ್ಯ ಮುಖವನ್ನು ಹೇಗೋ ಸಂಭಾಳಿಸಿಕೊಳ್ಳುತ್ತಾನೆ, ಕೈ ಮಾತ್ರ ಅವನ ಮಾತು ಕೇಳುವುದಿಲ್ಲ. ಗೇರ್ ಬದಲಿಸಿದ ಕೈ ಮರಳಿ ಸ್ಟೀರಿಂಗಿಗೆ ಹೋಗುವ ಬದಲು ಸದ್ದಿಲ್ಲದೆ ಕೆಳಗಿಳಿದು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಒಮ್ಮೆ, ದಿಬ್ಬದಲ್ಲಿ ಒಮ್ಮೆ, ಎದುರಿಗೆ ಲಾರಿ ಬಂದರಂತೂ ಐದೂ ಬೆರಳು. ಕಲಿಯುವವರು ಇಳಿದು, "ಇವತ್ತು ಸ್ವಲ್ಪಾನೂ ಭಯ ಆಗಲಿಲ್ಲ ಮೇಡಂ" ಎಂದು ಬೆವರು ಒರೆಸಿಕೊಂಡು ಹೋದ ಮೇಲೆ ಆ ಅಂಚು ನಡೆದದ್ದನ್ನೆಲ್ಲ ನಿಧಾನವಾಗಿ ಹೇಳುತ್ತಿತ್ತು.

ಪಾಠ ಮುಗಿದ ಕೂಡಲೇ ಬ್ರೇಕಮ್ಮ ಡ್ಯಾಶ್‌ಬೋರ್ಡಿನ ಖಾನೆಯಿಂದ ಬಟ್ಟೆ ಉಜ್ಜುವ ಪುಟ್ಟ ಬ್ರಷ್ ತೆಗೆದು, ಮೊದಲು ತಾವು ಕೂತಿದ್ದ ಸೀಟನ್ನು ಬಾಚಿ ಸರಿಮಾಡುತ್ತಿದ್ದರು. ತಮ್ಮದರಿಂದಲೇ ಶುರುಮಾಡುವ ಈ ಶಿಸ್ತನ್ನು ನೋಡಿದವರು ಮೆಚ್ಚಿಕೊಳ್ಳುತ್ತಿದ್ದರು. ಆಮೇಲೆ ಸುತ್ತಿ ಬಂದು, ಕಲಿಯುವವರ ಸೀಟಿನ ಮುಂದೆ ಬಗ್ಗಿ, ಕನ್ನಡಕ ಏರಿಸಿ ಓದಿಕೊಳ್ಳುವರು. ಓದಿದ ಮೇಲೆ ಅದನ್ನೂ ಬಾಚಿ ಅಳಿಸುವರು. ಅಂಚು ಕದಡದೆ ಉಳಿದ ದಿನ ಸಹಿ. ಈ ಗುಟ್ಟನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ, ಗಂಡನಿಗೂ.

ಗಂಡನಿಗೆ ಹೇಳದೆ ಇದ್ದದ್ದು ಒಂದು ತಮಾಷೆಯೇ ಸರಿ. ಏಕೆಂದರೆ ಯಜಮಾನರ ಕಸುಬೇ ಸೀಟು ಹೊಲಿಯುವುದು. ಮನೆಯ ಮುಂಭಾಗದಲ್ಲೇ ಅವರ ಕುಶನ್ ಅಂಗಡಿ. ಕಿವಿಯ ಹಿಂದೆ ಸೀಮೆಸುಣ್ಣ, ಬಾಯಲ್ಲಿ ಬಾಗಿದ ಸೂಜಿ, ಮನಸ್ಸಿನ ತುಂಬ ಲೆದರು. ಹದ ಮಾಡಿದ ಚರ್ಮದ ಮೇಲೆ ಅಂಗೈ ಆಡಿಸಿ, "ಈ ಎತ್ತು ಇಲ್ಲಿ ಬೇಲಿಗೆ ಮೈ ಉಜ್ಜಿಕೊಂಡಿದೆ" ಎಂದು ತೋರಿಸಬಲ್ಲವರು. ಇಂಥವರ ಹೆಂಡತಿ ವೆಲೂರಿನ ಮೇಲೆ ಕೂತು ಊರು ಸುತ್ತುವುದೆಂದರೆ, ದರ್ಜಿಯ ಮಗ ಹರಿದ ಅಂಗಿ ಹಾಕಿಕೊಂಡು ತಿರುಗಿದ ಹಾಗೆ. ಬೆಳಗಿನ ಟೀ ಹೊತ್ತಿಗೆ ಈ ವಿಷಯ ವಾರಕ್ಕೆ ನಾಲ್ಕು ಸಲ ಎದ್ದೇ ಏಳುತ್ತಿತ್ತು.

"ನನ್ನ ಹೆಂಡ್ತಿ ಬೆಕ್ಕಿನ ಬೆನ್ನ ಮೇಲೆ ಕೂತು ಪಾಠ ಹೇಳ್ತಾಳೆ."

"ಬೆಕ್ಕಾದ್ರೂ ಬೆಚ್ಚಗಿರುತ್ತೆ ರೀ. ನಿಮ್ಮ ಲೆದರು ಬೇಸಿಗೇಲಿ ಬಾಣಲೆ, ಚಳೀಲಿ ಮೀನು."

"ಒಂದು ಸಲ ಒರೆಸಿದ್ರೆ ಕನ್ನಡಿ ಆಗುತ್ತೆ. ನಿನ್ನ ವೆಲೂರಲ್ಲಿ ಹನ್ನೊಂದು ವರ್ಷದ ಹಿಂದೆ ಯಾರೋ ಚೆಲ್ಲಿದ ಟೀ ಇನ್ನೂ ಇದೆ."

"ಇರಲಿ ಬಿಡಿ. ಆ ಟೀ ಚೆಲ್ಲಿದವರು ಪಾಸಾಗಿದಾರೆ."

ಹೀಗೆ ನಡೆಯುತ್ತಿತ್ತು ಸಂಸಾರ. ಅವರ ಮದುವೆಗೆ ಇಪ್ಪತ್ತೈದು ತುಂಬುವ ವಾರ, ಬ್ರೇಕಮ್ಮನವರ ತಂಗಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಳು. ಬ್ರೇಕಮ್ಮ ಮೂರು ದಿನ ತಂಗಿಯ ಮನೆಯಲ್ಲಿದ್ದು ವಾಪಸು ಬಂದರು. ಯಜಮಾನರು ಅಂಗಡಿಯ ಮುಂದೆ ನಿಂತಿದ್ದರು, ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು, ಮುಖದಲ್ಲಿ ಮುಚ್ಚಿಡಲಾರದ ನಗು.

"ಕಣ್ಣು ಮುಚ್ಚು," ಎಂದರು. ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಬಾಗಿಲು ತೆರೆದರು. "ಈಗ ಬಿಡು."

ಕಣ್ಣು ಬಿಡುವ ಮೊದಲೇ ಮೂಗಿಗೆ ಗೊತ್ತಾಗಿತ್ತು. ಹೊಸ ಲೆದರು. ಬಣ್ಣ ಜೇನಿನದು, ಅಂಚಿಗೆ ಜೋಡಿ ಹೊಲಿಗೆ, ಒಂದು ಸುಕ್ಕಿಲ್ಲ.

"ಬರೀ ಬೆನ್ನಿನ ಭಾಗದ ಚರ್ಮ. ಹೊಟ್ಟೆ ಭಾಗದ್ದು ಒಂದು ತುಂಡೂ ಸೇರಿಸಿಲ್ಲ, ಅದು ಜಗ್ಗುತ್ತೆ. ಇಪ್ಪತ್ತೈದು ವರ್ಷಕ್ಕೆ ಉಡುಗೊರೆ ಅಂದ್ರೆ ಇಪ್ಪತ್ತೈದು ವರ್ಷ ಬಾಳಿಕೆ ಬರಬೇಕು ಅಲ್ವಾ?"

"ಚೆನ್ನಾಗಿದೆ ರೀ."

"ಅಷ್ಟೇನಾ?"

"ತುಂಬಾ ಚೆನ್ನಾಗಿದೆ." ಬ್ರೇಕಮ್ಮ ಹಿಂದಿನ ಸೀಟಿಗೂ ಕಣ್ಣು ಹಾಯಿಸಿದರು. "ಹಳೇ ಬಟ್ಟೆ?"

"ಕಸದ ಗಾಡಿಗೆ ಹಾಕಿದೆ. ಪೀಡೆ ತೊಲಗಿತು!"

ಡಾಕ್ಟರ ಕೊರಳಿಂದ ಸ್ಟೆತಸ್ಕೋಪು ಕಿತ್ತು ಚಿನ್ನದ ಸರ ಹಾಕಿದರೆ ಡಾಕ್ಟರು ಏನು ಹೇಳಬಲ್ಲರು? ಸೂಜಿ ಚುಚ್ಚಿಸಿಕೊಂಡ ಆ ಎರಡು ಬೆರಳುಗಳನ್ನು ನೋಡಿದ ಮೇಲೆ ಬ್ರೇಕಮ್ಮನವರ ಬಾಯಿಗೆ ಬೀಗ ಬಿದ್ದಿತು. ಬ್ರಷ್ಷನ್ನು ಖಾನೆಯ ಮೂಲೆಗೆ ತಳ್ಳಿದರು.

ಹತ್ತೊಂಬತ್ತು ವರ್ಷ ನಿಂತಿದ್ದ ಕೀರ್ತಿ ಐದು ವಾರಗಳಲ್ಲಿ ಮಣ್ಣಾಯಿತು. ಮೊದಲು ಹೋದವರು ಹಲ್ಲಿನ ಡಾಕ್ಟರು. ಬೇರೆಯವರ ಹೆದರಿಕೆ ನೋಡಿ ನೋಡಿ ಅವರ ಮುಖ ಸಿಮೆಂಟಿನಂತಿತ್ತು. ಬ್ರೇಕಮ್ಮ ಆ ಮುಖ ನಂಬಿ ಸಹಿ ಹಾಕಿದರು. ಡಾಕ್ಟರು ಪರೀಕ್ಷೆಯ ದಿನ ವೃತ್ತದೊಳಗೆ ಹೊಕ್ಕವರು ಹೊರಬರುವ ಧೈರ್ಯ ಸಾಲದೆ ಏಳು ಸುತ್ತು ಹಾಕಿದರು. ಕೊನೆಗೆ ಪರೀಕ್ಷೆಯ ಸಾಹೇಬರೇ ತಲೆ ಹಿಡಿದುಕೊಂಡು, "ದಮ್ಮಯ್ಯ ನಿಲ್ಲಿಸಿ, ನಾನು ಇಳಿದು ನಡ್ಕೊಂಡು ಹೋಗ್ತೀನಿ" ಎಂದರಂತೆ. ಆಮೇಲೆ ಹೂವಿನಂಗಡಿಯಾಕೆ, ಹಿಂದಕ್ಕೆ ತೆಗೆಯುವಾಗಲೆಲ್ಲ ಕಣ್ಣು ಮುಚ್ಚುವವಳು ಎಂದು ತಿಳಿದದ್ದು ಪರೀಕ್ಷೆಯ ಮೈದಾನದ ಕಂಬಕ್ಕೆ ತಾಗಿದ ಮೇಲೆ. ಆಮೇಲೆ ಸಂಗೀತದ ಮೇಷ್ಟ್ರು. ಅವರು ಗುನುಗುತ್ತಾ ಓಡಿಸುತ್ತಿದ್ದರು, ನಿರಾಳವಾಗಿದ್ದಾರೆ ಎಂದು ಬ್ರೇಕಮ್ಮ ಭಾವಿಸಿದ್ದರು. ಅದು ನಡುಕ.

"ಏನಮ್ಮಾ ಇದು?" ಎಂದು ಸಾಹೇಬರು ಕೇಳಿಯೇಬಿಟ್ಟರು. "ಮೊದಲೆಲ್ಲ ನಿಮ್ಮ ಸಹಿ ನೋಡಿದ್ರೆ ನಾನು ಸೀಟ್ ಬೆಲ್ಟನ್ನ ನಿಯಮಕ್ಕೆ ಅಂತ ಹಾಕ್ಕೊಳ್ತಿದ್ದೆ. ಈಗ ಎರಡು ಸಲ ಎಳೆದು ನೋಡ್ತೀನಿ."

ಬ್ರೇಕಮ್ಮ ಲೆದರಿನ ಭಾಷೆ ಕಲಿಯಲು ಹೆಣಗಾಡಿದರು. ಕೂತವರು ಅಲುಗಿದರೆ ಲೆದರು ಕಿರ್ ಎನ್ನುತ್ತದೆ. ಆದರೆ ಅದು ಹೆದರಿದವರಿಗೂ ಒಂದೇ ಕಿರ್, ಕೆಮ್ಮಿದವರಿಗೂ ಒಂದೇ ಕಿರ್. ಒಂದು ದಿನ ಸೀಟಿನ ಅಂಚಿಗೆ ಮುಖಕ್ಕೆ ಹಚ್ಚುವ ಪೌಡರು ಉದುರಿಸಿ ನೋಡಿದರು. ಬ್ಯಾಂಕಿನ ಗುಮಾಸ್ತರೊಬ್ಬರು ಪಾಠ ಮುಗಿಸಿ, ಹಿಂಭಾಗವೆಲ್ಲ ಬೆಳ್ಳಗೆ ಮಾಡಿಕೊಂಡು ನೇರ ಕಚೇರಿಗೆ ಹೋಗಿ, ದಿನವೆಲ್ಲ ಜನ ಏಕೆ ನಗುತ್ತಿದ್ದಾರೆಂದು ತಿಳಿಯದೆ ಸಂಜೆಯವರೆಗೆ ಎಲ್ಲರನ್ನೂ ಗದರಿಸಿದರು. ಕೊನೆಗೆ ಬ್ರೇಕಮ್ಮ ಮನೆಯ ಒಂದು ದಪ್ಪ ಟವಲನ್ನು ಸೀಟಿನ ಮೇಲೆ ಹಾಸಿದರು. ಅದು ನುಣುಪಿನ ಮೇಲೆ ಜಾರಿ ಜಾರಿ ಕಲಿಯುವವರ ಮೊಣಕಾಲಿಗೆ ಬರುತ್ತಿತ್ತು.

ಈ ಗೊಂದಲದ ನಡುವೆ ಕಲಿಯಲು ಬಂದವರು ಅವರ ಅತ್ತಿಗೆ, ಯಜಮಾನರ ಅಕ್ಕ. ವಯಸ್ಸು ಐವತ್ತಾರು. ಊರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು, ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ಬೆನ್ನು ಕಟ್ಟುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ಗ್ರಂಥಾಲಯಕ್ಕೆ ಒಂದು ವ್ಯಾನಿತ್ತು. ಅದು ಊರಾಚೆಯ ಬಡಾವಣೆಗಳಿಗೆ ಪುಸ್ತಕ ಹೊತ್ತು ಹೋಗುತ್ತಿತ್ತು. ಅತ್ತಿಗೆ ಅಷ್ಟು ವರ್ಷವೂ ಕಿಟಕಿಯಿಂದ ಆ ವ್ಯಾನು ಹೊರಡುವುದನ್ನು ನೋಡಿದ್ದರು. ತಾವು ಬೆನ್ನು ಕಟ್ಟಿದ ಪುಸ್ತಕಗಳು ಅದನ್ನೇರಿ ಹೋಗುತ್ತಿದ್ದವು, ತಾವು ಅಂಟಿನ ಡಬ್ಬಿಯ ಮುಂದೆ ಉಳಿಯುತ್ತಿದ್ದರು. ಈಗ ವ್ಯಾನಿನ ಹಳೆಯ ಡ್ರೈವರು ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. "ಲೈಸೆನ್ಸ್ ತಂದ್ರೆ ವ್ಯಾನು ನಿಮ್ಮದೇ, ತರದಿದ್ರೆ ಹೊರಗಿನವರನ್ನ ಕರೀತೀವಿ" ಎಂದು ಮೇಲಿನವರು ಅತ್ತಿಗೆಗೆ ಹೇಳಿದ್ದರು. ತಿಂಗಳ ಕೊನೆಯ ಪರೀಕ್ಷೆ ಸೋಮವಾರ. ಅರ್ಜಿಗೆ ಕಡೆಯ ಗಡುವು ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ. ತಯಾರಾಗದೆ ಹೋಗಿ ಫೇಲಾದರೆ ಎರಡು ತಿಂಗಳು. ಸಹಿಯೇ ಸಿಗದಿದ್ದರೂ ವ್ಯಾನು ಕೈತಪ್ಪಿದಂತೆಯೇ.

ತೊಂದರೆಯೆಂದರೆ ಅತ್ತಿಗೆಯ ಮುಖ. ಅದರಲ್ಲಿ ಸದಾ ಒಂದೇ ನಗು. ಮಳೆ ಬಂದರೂ ಅದೇ, ಮನೆಗೆ ನೆಂಟರು ಬಂದರೂ ಅದೇ. ಎದುರಿಗೆ ಲಾರಿ ಬಂದರೂ ಅದೇ ನಗು ಎಂದು ಬ್ರೇಕಮ್ಮನಿಗೆ ಮೊದಲ ದಿನವೇ ತಿಳಿಯಿತು. ಜೊತೆಗೆ ಓಡಿಸುತ್ತಾ ಕಥೆ ಹೇಳುವ ಚಟ.

"ಅತ್ತಿಗೆ, ಕ್ಲಚ್ಚು ಬಿಡಿ."

"ಬಿಟ್ಟೆ."

"ಅಯ್ಯೋ, ಪೂರ್ತಿ ಬಿಡಬೇಡಿ!"

"ಬಿಡಿ ಅಂದವಳೂ ನೀನೇ, ಬಿಡಬೇಡಿ ಅಂತೀಯಲ್ಲೇ. ಮನೇಲೂ ಹೀಗೇ ನೀನು, ಹಾಲು ಇಳಿಸಿ ಅಂತೀಯ, ಇಳಿಸಿದ್ಮೇಲೆ ಇನ್ನೂ ಕಾಯಬೇಕಿತ್ತು ಅಂತೀಯ. ಆಯ್ತು, ಕೇಳು. ಆ ನಾವಿಕನ ಹೆಂಡ್ತಿಗೆ ಕಾಗದ ಬಂತು ಅಂದ್ನಲ್ಲ..."

"ಅತ್ತಿಗೆ, ಎದುರಿಗೆ ಸೈಕಲ್ಲು."

"ನೋಡಿದೀನಿ ಕಣೇ. ಅವನೂ ನನ್ನನ್ನ ನೋಡಿದಾನೆ, ಇಳಿದು ನಿಂತಿದಾನೆ ಪಾಪ. ಆ ಕಾಗದದಲ್ಲಿ ಏನಿತ್ತು ಗೊತ್ತಾ?"

ಗಡುವಿನ ವಾರ ಬಂದೇ ಬಂತು. ಅತ್ತಿಗೆ ಗೇರು ತಪ್ಪುತ್ತಿರಲಿಲ್ಲ, ಸಿಗ್ನಲ್ಲು ತಪ್ಪುತ್ತಿರಲಿಲ್ಲ. ಆದರೂ ಬ್ರೇಕಮ್ಮನವರ ಎದೆ ಪಾಠದುದ್ದಕ್ಕೂ ಹೊಡೆದುಕೊಳ್ಳುತ್ತಿತ್ತು. ಆ ನಗುವಿನ ಹಿಂದೆ ಏನಿದೆ? ಹಲ್ಲಿನ ಡಾಕ್ಟರ ಹಿಂದಿದ್ದದ್ದೇ ಇದ್ದರೆ?

ಬುಧವಾರ ಬೆಳಿಗ್ಗೆ ಯಜಮಾನರು ಕಾರಿನ ಬಾಗಿಲು ತೆರೆದವರು, ಸತ್ತ ಇಲಿಯನ್ನು ಎತ್ತುವ ಹಾಗೆ ಎರಡು ಬೆರಳಲ್ಲಿ ಏನನ್ನೋ ಎತ್ತಿಕೊಂಡು ಅಡುಗೆಮನೆಗೆ ಬಂದರು.

"ಏನಿದು?"

"ಟವಲ್ಲು."

"ಟವಲ್ಲು ಅಂತ ನನಗೂ ಗೊತ್ತು. ನನ್ನ ಲೆದರಿನ ಮೇಲೆ ಟವಲ್ಲು! ಅದೇನು ಕಾರಾ, ಬಚ್ಚಲುಮನೆಯಾ?" ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಹಿಡಿಸಲಿಲ್ಲ ಅಂದ್ರೆ ಹೇಳಬಾರದಾ? ಐದು ವಾರದಿಂದ ನೋಡ್ತಿದೀನಿ. ಆ ಸೀಟಿನ ಮೇಲೆ ಕೂರೋವಾಗ ಯಾರದೋ ಮನೆ ಕುರ್ಚಿ ಮೇಲೆ ಕೂತ ಹಾಗೆ ಕೂರ್ತೀಯ."

ಬ್ರೇಕಮ್ಮ ಒಲೆ ಆರಿಸಿದರು. ಇನ್ನು ಮುಚ್ಚಿಟ್ಟರೆ ಮನೆಯೂ ಹೋಗುತ್ತದೆ, ವ್ಯಾನೂ ಹೋಗುತ್ತದೆ ಎನ್ನಿಸಿತು. ಕುರ್ಚಿ ಎಳೆದು ಗಂಡನನ್ನು ಕೂರಿಸಿ, ನವಿರು, ಅಂಚು, ಐದು ಬೆರಳು, ಬ್ರಷ್ಷು, ಸಹಿ ಎಲ್ಲವನ್ನೂ ಹೇಳಿಬಿಟ್ಟರು.

ಯಜಮಾನರು ಟವಲನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಅಂದ್ರೆ ಆ ಬ್ರಷ್ಷು ಧೂಳಿಗಲ್ವಾ?"

"ಧೂಳಿಗೂ ಹೌದು."

"ನಾನು ಮೂವತ್ತು ವರ್ಷದಿಂದ ಬಟ್ಟೆ ಮುಟ್ತಿದೀನಿ. ಗಾಡಿ ಬಂದ ಕೂಡಲೇ ಆ ಗೆರೆಯನ್ನೆಲ್ಲ ಒಂದೇ ಏಟಿಗೆ ಬಾಚಿಬಿಡ್ತೀನಿ. ಅದನ್ನ ಓದಬೇಕು ಅಂತ ಒಂದು ದಿನಾನೂ ಹೊಳೀಲಿಲ್ಲ." ಸ್ವಲ್ಪ ಸುಧಾರಿಸಿಕೊಂಡು, ಮಾನ ಉಳಿಸಿಕೊಳ್ಳಲು ಹೇಳಿದರು: "ಲೆದರಿಗೂ ನೆನಪಿರುತ್ತೆ ಗೊತ್ತಾ? ಒಬ್ಬನೇ ಮನುಷ್ಯ ಹತ್ತು ವರ್ಷ ಕೂತ್ರೆ ಅವನ ಅಚ್ಚು ಹಾಗೇ ಇಳಿಯುತ್ತೆ."

"ನನಗೆ ಶುಕ್ರವಾರ ಮಧ್ಯಾಹ್ನದೊಳಗೆ ಬೇಕು ರೀ."

ಯಜಮಾನರು ಕಾರಿನ ಬೀಗದ ಕೈ ತೆಗೆದುಕೊಂಡು ಅಂಗಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ನಾಲ್ಕು ಗಂಟೆಗೆ ಬ್ರೇಕಮ್ಮ ಟೀ ಹಿಡಿದು ಹೋದಾಗ ಅವರು ನಿಂತುಕೊಂಡು ಕೆಲಸ ಮಾಡುತ್ತಿದ್ದರು. ಅವರು ಸದಾ ಕೂರುವ ಸ್ಟೂಲು ಪಕ್ಕದಲ್ಲಿ ಮೇಲು ಹೊದಿಕೆ ಕಳೆದುಕೊಂಡು, ಬೋಳು ಸ್ಪಂಜು ತೋರಿಸುತ್ತಾ ನಿಂತಿತ್ತು. ಅದರ ಅಂಚಿನಲ್ಲಿ ಒಂದು ಎಳೆ ಉಳಿದಿತ್ತು. ಬದನೆಕಾಯಿ ಬಣ್ಣದ್ದು.

"ಕಸದ ಗಾಡಿಗೆ ಹಾಕಿದೆ ಅಂದ್ರಿ?"

ಯಜಮಾನರು ಯಂತ್ರದಿಂದ ಕಣ್ಣೆತ್ತಲಿಲ್ಲ. "ಮುಕ್ಕಾಲು ಪಾಲು ಹಾಕಿದ್ದೆ."

"ಉಳಿದ ಕಾಲು ಪಾಲು?"

"ಸ್ಟೂಲು ಗಟ್ಟಿ ಇತ್ತು."

"ಲೆದರ್ ಹಾಕ್ಕೋಬಹುದಿತ್ತಲ್ಲ. ಒರೆಸಿದ್ರೆ ಕನ್ನಡಿ."

"ದಿನಕ್ಕೆ ಎಂಟು ಗಂಟೆ ಕೂರೋನು ನಾನು ಕಣೇ!" ಎಂದು ಯಜಮಾನರು ಸಿಡುಕಿದರು. ಹೇಳಿದ ಮೇಲೆ ತಾವು ಏನು ಒಪ್ಪಿಕೊಂಡೆವೆಂದು ಅವರಿಗೆ ತಿಳಿಯಿತು. ಬ್ರೇಕಮ್ಮ ಟೀ ಲೋಟವನ್ನು ಕೆಳಗಿಟ್ಟು ಆಚೆ ಹೋಗಿ ನಕ್ಕರು.

ಗುರುವಾರ ಬೆಳಿಗ್ಗೆ ಕಾರು ಸಿದ್ಧವಾಗಿತ್ತು. ಜೇನು ಬಣ್ಣದ ಸೀಟಿನ ಗೇರಿನ ಕಡೆಯ ಅಂಚಿನುದ್ದಕ್ಕೂ ಒಂದು ಅಂಗೈ ಅಗಲದ ವೆಲೂರಿನ ಪಟ್ಟಿ. ಕೋಟಿಗೆ ಪೈಜಾಮದ ತುಂಡು ಸೇರಿಸಿ ಹೊಲಿದ ಹಾಗಿತ್ತು.

"ಯಾರಾದ್ರೂ ಕೇಳಿದ್ರೆ ಬೇರೆ ಊರಿನ ಅಂಗಡೀಲಿ ಮಾಡಿಸಿದ್ದು ಅನ್ನು," ಎಂದರು ಯಜಮಾನರು. "ನವಿರು ಮುಂದಕ್ಕೆ ಮಲಗೋ ಹಾಗೆ ಹಾಕಿದೀನಿ. ನಿನ್ನ ಸೀಟಿಗೂ ಹಾಕಿದೆ."

"ನನ್ನ ಕಡೆಗೆ ಬೇಡವಾಗಿತ್ತು," ಎಂದು ಬ್ರೇಕಮ್ಮ ಥಟ್ಟನೆ ಅಂದರು.

"ಒಂದು ಕಡೆ ಇದ್ದು ಒಂದು ಕಡೆ ಇಲ್ಲದಿದ್ರೆ ಕಣ್ಣಿಗೆ ಚುಚ್ಚುತ್ತೆ. ಅಷ್ಟಾದ್ರೂ ಮರ್ಯಾದೆ ಇರಲಿ ನನಗೆ."

ಅಂದಿನ ಪಾಠ ಒಂದು ಗಂಟೆ ನಡೆಯಿತು. ಮಾರುಕಟ್ಟೆ ಬೀದಿ, ನಿಂತು ಹೊರಡಬೇಕಾದ ದಿಬ್ಬ, ಡಾಕ್ಟರು ಸುತ್ತಿದ ವೃತ್ತ, ಹಿಂದಕ್ಕೆ ಬರುತ್ತಿದ್ದ ಮರಳಿನ ಲಾರಿ ಎಲ್ಲವೂ ಆಯಿತು. ನಾವಿಕನ ಕಥೆ ಮುಗಿದು, ಬಂಡೆಗಳ ನಡುವೆ ದೀಪಸ್ತಂಭ ಕಾಯುವವನ ಕಥೆ ಶುರುವಾಗಿತ್ತು. ಮನೆಯ ಮುಂದೆ ಕಾರು ನಿಂತಾಗ ಬ್ರೇಕಮ್ಮನವರ ಎದೆ ಇನ್ನೂ ತಹಬಂದಿಗೆ ಬಂದಿರಲಿಲ್ಲ. ಇಳಿದು ಎರಡು ಹೆಜ್ಜೆ ನಡೆದರು. ಪಟ್ಟಿಯನ್ನು ನೋಡುವ ಧೈರ್ಯವೇ ಆಗಲಿಲ್ಲ.

"ಅತ್ತಿಗೆ, ಈ ಸಲ ಬೇಡ ಅನ್ನಿಸುತ್ತೆ. ಇನ್ನೆರಡು ತಿಂಗಳು ಕಲಿತ್ರೆ..."

ಅತ್ತಿಗೆಯ ಮುಖದ ಮೇಲಿನ ನಗು ಅಂದು ಮೊದಲ ಬಾರಿಗೆ ಇಳಿಯಿತು. "ಎರಡು ತಿಂಗಳಾದ್ಮೇಲೆ ಆ ವ್ಯಾನಲ್ಲಿ ಬೇರೆ ಯಾರೋ ಕೂತಿರ್ತಾರಲ್ಲೇ," ಎಂದರು. ಜಗಳ ಮಾಡಲಿಲ್ಲ. ಕಾರಿನ ಬಾಗಿಲನ್ನು ಪುಸ್ತಕದ ರಟ್ಟು ಮುಚ್ಚುವಷ್ಟು ಹಗುರವಾಗಿ ಮುಚ್ಚಿದರು.

ಅಷ್ಟರಲ್ಲಿ ಯಜಮಾನರು ಅಂಗಡಿಯಿಂದ ಇಳಿದು ಬಂದರು. ಹೊಸ ಪಟ್ಟಿ ಮೊದಲ ದಿನ ಹೇಗೆ ನಿಂತಿದೆ ಎಂದು ನೋಡುವ ಆತುರ ಅವರಿಗೆ. ಅಕ್ಕ ಮುಚ್ಚಿದ ಬಾಗಿಲನ್ನೇ ತೆರೆದು, ಕನ್ನಡಕ ಏರಿಸಿ ಬಗ್ಗಿದರು.

"ಇಲ್ಲಿ ಏನೂ ಇಲ್ಲವಲ್ಲ!"

"ಏನಿಲ್ಲ?"

"ನಾನು ಬೆಳಿಗ್ಗೆ ಬಾಚಿದ್ದು ಬಾಚಿದ ಹಾಗೇ ಇದೆ. ಮಲಗಿರೋ ಕರುವಿನ ಮೈ ಹಾಗಿದೆ. ಇಲ್ಲೊಂದು ಬೆರಳಿನ ಗೆರೆ ಇದೆ ನೋಡು, ಅದೊಂದೇ."

"ಕರ್ಚೀಫು ಎಳ್ಕೊಂಡೆ ಕಣೋ. ಸೀನು ಬಂತು," ಎಂದರು ಅಕ್ಕ.

ಬ್ರೇಕಮ್ಮ ಓಡಿ ಬಂದು ನೋಡಿದರು. ನಿಜ. ಹತ್ತೊಂಬತ್ತು ವರ್ಷಗಳಲ್ಲಿ ಅಷ್ಟು ತಿಳಿಯಾದ ಅಂಚನ್ನು ಅವರು ಬೆರಳೆಣಿಕೆಯಷ್ಟು ಸಲ ಕಂಡಿದ್ದರು. ಹಾಗಾದರೆ ಒಂದು ಗಂಟೆಯಿಂದ ಕಾರಿನಲ್ಲಿ ತುಂಬಿಕೊಂಡಿದ್ದ ಹೆದರಿಕೆ ಯಾರದು? ಅವರ ಕೈ ತಾನಾಗಿಯೇ ಖಾನೆ ತೆರೆದು ಬ್ರಷ್ಷು ತೆಗೆಯಿತು. ಕಾಲು ತಾನಾಗಿಯೇ ಆಚೆ ಬಾಗಿಲಿಗೆ, ತಮ್ಮ ಸೀಟಿನ ಕಡೆಗೆ ನಡೆಯಿತು. ಯಜಮಾನರು ಎರಡು ಹೆಜ್ಜೆ ಮುಂದಿದ್ದರು.

ಆ ಪಟ್ಟಿ ಕೋಳಿ ಕೆದರಿದ ಮಣ್ಣಿನ ಹಾಗಿತ್ತು. ಒಂದರ ಮೇಲೊಂದು ಐದೈದು ಬೆರಳಿನ ಕಪ್ಪು ಗುರುತು. ಒಂದು ಕಡೆಯಂತೂ ಉಗುರು ನಾಟಿ ನವಿರು ನೆಟ್ಟಗೆ ನಿಂತಿತ್ತು.

"ಇದು ಲಾರಿನಾ?" ಯಜಮಾನರು ಮೆಲ್ಲಗೆ ಕೇಳಿದರು.

"ಲಾರಿ ಆ ಕಡೆಯದ್ದು. ಅದು ದಿಬ್ಬ."

"ಮತ್ತೆ ಇದು?"

"ಅದು ಸುಮ್ಮನೆ. ನೇರ ರಸ್ತೆ. ಏನೂ ಬಂದಿರಲಿಲ್ಲ."

"ಯಾವಾಗಿಂದ?"

"ಮೊದಲನೇ ದಿನದಿಂದ."

"ಅದಕ್ಕೇ ನೀನು ಮೊದಲು ನಿನ್ನ ಸೀಟು ಬಾಚ್ತಿದ್ದೆ!"

"ಕಲಿಸೋರಿಗೇ ಜೀವ ಬಾಯಿಗೆ ಬಂದಿರುತ್ತೆ ಅಂತ ಗೊತ್ತಾದ್ರೆ ಕಲಿಯೋಕೆ ಯಾರು ಬರ್ತಾರೆ ರೀ?"

ಅತ್ತಿಗೆ ಬಾನೆಟ್ಟು ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಅಯ್ಯೋ ನಿನ್ನ! ನಾನು ನಿನ್ನ ಮುಖ ನೋಡ್ಕೊಂಡು ಧೈರ್ಯ ತಗೊಳ್ತಿದ್ದೆ. ಇವಳೇ ಇಷ್ಟು ನಿರಾಳ ಇರೋವಾಗ ನನಗೇನು ಅಂತ. ಮೊದಲೇ ಗೊತ್ತಾಗಿದ್ರೆ ಎರಡನೇ ಗೇರಿಗೂ ಹೋಗ್ತಿರಲಿಲ್ಲ."

ಬ್ರೇಕಮ್ಮನಿಗೆ ಅವಮಾನವೂ ಆಯಿತು, ಎಷ್ಟೋ ವರ್ಷದ ಬಿಗಿ ಸಡಿಲವಾದಂತೆಯೂ ಆಯಿತು. ಮೂರು ಜನರ ವಿಷಯದಲ್ಲಿ ಅವರ ಮುಖ ನಂಬಿ ಕೆಟ್ಟಿದ್ದರು. ಅತ್ತಿಗೆಯ ವಿಷಯದಲ್ಲಿ ತಮ್ಮ ಎದೆ ನಂಬಿ ಕೆಡುವವರಿದ್ದರು. "ಪೆನ್ನು ಕೊಡಿ ರೀ," ಎಂದರು. ಯಜಮಾನರ ಜೇಬಿನಲ್ಲಿ ಇದ್ದದ್ದು ಸೀಮೆಸುಣ್ಣ ಮಾತ್ರ. ಅತ್ತಿಗೆ ತಮ್ಮ ಚೀಲದಿಂದ ಅರ್ಜಿಯ ಜೊತೆ ಗ್ರಂಥಾಲಯದ ಪೆನ್ನನ್ನೂ ತೆಗೆದರು. ಬಾನೆಟ್ಟಿನ ಮೇಲೆ ಅರ್ಜಿ ಹರಡಿ ಬ್ರೇಕಮ್ಮ ಸಹಿ ಹಾಕಿದರು. ಇಂಜಿನ್ನಿನ ಬಿಸಿ ಇನ್ನೂ ಆರಿರಲಿಲ್ಲ.

ಸೋಮವಾರ ಪರೀಕ್ಷೆಯ ಸಾಹೇಬರು ಅರ್ಜಿಯ ಸಹಿ ನೋಡಿದರು, ಅತ್ತಿಗೆಯ ನಗು ನೋಡಿದರು, ಬೆಲ್ಟನ್ನು ಎರಡು ಸಲ ಎಳೆದು ನೋಡಿದರು. ಕಾರು ಗೇಟು ದಾಟಿತು. ಗಂಡ ಹೆಂಡತಿ ಮೈದಾನದ ಬೆಂಚಿನ ಮೇಲೆ ಕೂತರು. ಮರದ ಬೆಂಚು, ಬ್ರೇಕಮ್ಮ ಎಷ್ಟು ಹಿಡಿದುಕೊಂಡರೂ ಅದರ ಮೇಲೆ ಗುರುತು ಬೀಳುವಂತಿರಲಿಲ್ಲ. ಯಜಮಾನರು ಮಾತ್ರ ಆ ಕೈಯನ್ನೇ ನೋಡುತ್ತಿದ್ದರು.

ಇಪ್ಪತ್ತು ನಿಮಿಷದ ಪರೀಕ್ಷೆಗೆ ಮೂವತ್ತೈದು ನಿಮಿಷವಾಯಿತು. ಕಾರು ಬಂದು ಬಿಳಿ ಗೆರೆಯ ನಡುವೆ ನಿಂತಿತು. ಬ್ರೇಕಮ್ಮ ಎದ್ದು ನಿಂತರು. ಸಾಹೇಬರು ಇಳಿಯಲೇ ಇಲ್ಲ. ಒಳಗೆ ಅತ್ತಿಗೆಯ ಕೈ ಆಡುತ್ತಿತ್ತು, ಸಾಹೇಬರ ತಲೆ ಆಡುತ್ತಿತ್ತು. ಕೊನೆಗೂ ಬಾಗಿಲು ತೆರೆದು ಇಳಿದರು.

"ಪಾಸು," ಎಂದರು. "ಅದು ಬಿಡಿ. ಆ ದೀಪಸ್ತಂಭದವನ ಕಥೆ ಅರ್ಧಕ್ಕೆ ನಿಲ್ಲಿಸಿದಾರೆ ನಿಮ್ಮ ಅತ್ತಿಗೆ. ಉಳಿದದ್ದು ಬೇಕು ಅಂದ್ರೆ ಪುಸ್ತಕ ತಗೊಂಡು ಓದಬೇಕಂತೆ. ಆ ವ್ಯಾನು ನಮ್ಮ ಬಡಾವಣೆಗೆ ಯಾವ ವಾರ ಬರುತ್ತೆ?"

"ಬುಧವಾರ," ಎಂದರು ಅತ್ತಿಗೆ ಒಳಗಿನಿಂದ, ಆ ವ್ಯಾನನ್ನು ಹುಟ್ಟಿದಾಗಿನಿಂದ ಓಡಿಸಿದವರ ಹಾಗೆ. "ಕಾರ್ಡು ಮರೀಬೇಡಿ."

ಮನೆಗೆ ಹೊರಡುವಾಗ ಬ್ರೇಕಮ್ಮ ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಬೇಡ ತಾಯಿ," ಎಂದರು ಅತ್ತಿಗೆ. "ನೀನು ಮುಂದೆ ಕೂತು ಪಟ್ಟಿ ಪರಚೋದೇ ಬೇಡ. ಇಬ್ಬರೂ ಹಿಂದೆ ಹತ್ತಿ."

ಹಿಂದಿನ ಸೀಟಿನಲ್ಲಿ ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಬೆನ್ನಿನ ಭಾಗದ ಅಪ್ಪಟ ಲೆದರು, ಅದೂ ಬೆಳಿಗ್ಗೆ ತಾನೇ ಯಜಮಾನರು ಕ್ರೀಮು ಹಚ್ಚಿ ಉಜ್ಜಿದ್ದು. ಬ್ರೇಕಮ್ಮ ಒಂದು ಕಿಟಕಿಯ ಪಕ್ಕ ಕೂತರು, ಯಜಮಾನರು ಇನ್ನೊಂದರ ಪಕ್ಕ. ಮಾರುಕಟ್ಟೆಯ ಮೊದಲ ತಿರುವಿನಲ್ಲಿ ಬ್ರೇಕಮ್ಮನವರ ಕಾಲು ಇಲ್ಲದ ಬ್ರೇಕನ್ನು ಹುಡುಕಿತು, ಕೈ ಇಲ್ಲದ ನವಿರನ್ನು ಹುಡುಕಿತು. ಎರಡೂ ಸಿಗದೆ ಅವರು ಎಣ್ಣೆ ಹಚ್ಚಿದ ಹಲಗೆಯ ಮೇಲಿನ ಬಿಲ್ಲೆಯಂತೆ ಸೀಟಿನುದ್ದಕ್ಕೂ ಜಾರಿ ಹೋಗಿ ಗಂಡನ ಪಕ್ಕೆಗೆ ಧೊಪ್ಪನೆ ತಾಗಿ ನಿಂತರು.

"ನೋಡಿದ್ಯಾ," ಎಂದರು ಯಜಮಾನರು ಗಂಭೀರವಾಗಿ, "ವೆಲೂರಲ್ಲಿ ಇದು ಆಗ್ತಿರಲಿಲ್ಲ."

ಮುಂದಿನ ತಿರುವು ಬರಲು ಇನ್ನೂ ಸಾಕಷ್ಟು ದೂರವಿತ್ತು. ಅಲ್ಲಿಯವರೆಗೂ ಬ್ರೇಕಮ್ಮ ತಮ್ಮ ಕಿಟಕಿಯ ಕಡೆಗೆ ವಾಪಸು ಸರಿಯಲಿಲ್ಲ.